ಹಿತ್ತಲ ಟೊಮೆಟೊ ಮತ್ತು ಅಂಗಡಿಯ ಪೊಟ್ಟಣ

ನುಡಿ ಉಳಿಯಬೇಕೆಂದು ವೇದಿಕೆಯ ಮೇಲೆ ಗಂಟಲು ಒಣಗುವಷ್ಟು ಮಾತನಾಡುವ ನಾವು, ಮನೆಗೆ ಮರಳಿ ಹಿತ್ತಲಿನ ಆರು ಟೊಮೆಟೊ ಗಿಡಗಳಿಗೂ ಅಂಗಡಿಯ ಪೊಟ್ಟಣವನ್ನೇ ಒಡೆಯುತ್ತೇವೆ. ತೆಪ್ಪಕಾಡು, ಮಸಿನಗುಡಿ ಕಡೆಯ ಕನ್ನಡಿಗರಾದ ನಾವು ಈ ವಿಷಯದಲ್ಲಿ ಬಂಡೀಪುರದಾಚೆಯ ಗುಂಡ್ಲುಪೇಟೆಯವರಿಗಿಂತ ಬೇರೆಯೇನಲ್ಲ. ತೆಳು ಸಿಪ್ಪೆಯ, ಹುಳಿ ತುಂಬಿದ, ಏಣುಗಳುಳ್ಳ ಆ ಚಪ್ಪಟೆ ನಾಟಿ ಹಣ್ಣು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿದೆ. ಇದನ್ನು ಕಾಲದ ಮಹಿಮೆಯೆಂದು ಒಪ್ಪಿಕೊಳ್ಳಲು ನಾವು ಸಿದ್ಧರಿಲ್ಲ.

ಹೈಬ್ರಿಡ್ ಬೇಡವೆಂಬುದು ನಮ್ಮ ವಾದವಲ್ಲ. ಎಕರೆಗಟ್ಟಲೆ ಬೆಳೆದು ಸಾಲ ತೀರಿಸಬೇಕಾದ ರೈತನಿಗೆ ಎಲೆಮುದುರು, ಸೊರಗು, ಅಂಗಮಾರಿ ಮೂರನ್ನೂ ತಾಳಿಕೊಳ್ಳುವ ಅರ್ಕಾ ರಕ್ಷಕ್‌ನಂಥ ತಳಿ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ಕೊಟ್ಟದ್ದು ಉಪಕಾರವೇ. ಕೋಲಾರದಿಂದ ದೂರದ ಮಾರುಕಟ್ಟೆಗೆ ಲಾರಿಯೇರುವ ಹಣ್ಣಿಗೆ ದಪ್ಪ ಸಿಪ್ಪೆ, ಗಟ್ಟಿ ತಿರುಳು ಇರಲೇಬೇಕು. ಆದರೆ ಹಿತ್ತಲಿಂದ ಅಡುಗೆಮನೆಗೆ ಇಪ್ಪತ್ತು ಹೆಜ್ಜೆ. ಅಷ್ಟು ದಾರಿಗೆ ಲಾರಿಯ ಸಿಪ್ಪೆ ಏಕೆ? ತಿಳಿಸಾರು ಕೇಳುವುದು ಹುಳಿಯನ್ನು, ರಸವನ್ನು.

‘ಟೊಮೆಟೊ ನಮ್ಮದೇ ಅಲ್ಲವಲ್ಲ’ ಎನ್ನುವ ಜಾಣರಿದ್ದಾರೆ. ನಿಜ, ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಸೀಮೆ. ಮೆಣಸಿನಕಾಯಿಯೂ ಹಾಗೆಯೇ ಕಡಲು ದಾಟಿ ಬಂದದ್ದು. ಅದನ್ನು ಬ್ಯಾಡಗಿಯದಾಗಿಸಿದ ನಾಡು ಇದು. ಆರಿಸಿ ಆರಿಸಿ ಬಿತ್ತಿದವರ ಕೈಯೇ ಪರದೇಶದ ಗಿಡವನ್ನು ಊರಿನದಾಗಿಸುತ್ತದೆ. ನಾವಿರುವ ತಮಿಳುನಾಡಿನಲ್ಲೇ, ಪೆರಿಯಕುಳಂನಲ್ಲಿ ರೂಪುಗೊಂಡ ಹೆಸರಾಂತ ಪಿಕೆಎಂ-1 ತಳಿಯ ಮೂಲ ಅಣ್ಣಂಜಿ ಎಂಬ ಸ್ಥಳೀಯ ಟೊಮೆಟೊ. ಅಣ್ಣಂಜಿಯನ್ನು ಜನ ಉಳಿಸಿಕೊಂಡಿರದಿದ್ದರೆ ವಿಜ್ಞಾನಿಯ ಕೈಗೆ ಏನು ಸಿಗುತ್ತಿತ್ತು? ಇಷ್ಟಾದರೂ ನಮ್ಮಲ್ಲಿ ಕೆಲವರು, ಅಜ್ಜಿ ಬೂದಿಯಲ್ಲಿ ಕಲಸಿ ಒಣಗಿಸಿಟ್ಟ ಬೀಜವನ್ನು ತಿಪ್ಪೆಗೆ ಸೇರಿಸಿ, ವಿದೇಶದ ‘ಹೇರ್‌ಲೂಂ’ ಪೊಟ್ಟಣಕ್ಕೆ ನೂರಾರು ರೂಪಾಯಿ ತೆರುತ್ತಾರೆ. ಇದಕ್ಕೆ ಪರಂಪರೆಯ ಪ್ರೀತಿ ಎಂಬ ಹೆಸರು ಬೇರೆ!

ಬೀಜ ಉಳಿಸುವುದು ಕಷ್ಟವೂ ಅಲ್ಲ. ಟೊಮೆಟೊ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ನಾಟಿ ಗಿಡದ ಬೀಜ ತಾಯಿಯನ್ನೇ ಹೋಲುತ್ತದೆ. ಹೈಬ್ರಿಡ್‌ನ ಬೀಜ ಬಿತ್ತಿದರೆ ಮರುಪೀಳಿಗೆ ಒಂದೊಂದು ಗಿಡ ಒಂದೊಂದು ಬಗೆ. ಹೀಗಾಗಿ ಮತ್ತೆ ಅಂಗಡಿಯ ದಾರಿ. ರೋಗವಿಲ್ಲದ ಗಿಡದ ಚೆನ್ನಾಗಿ ಕಳಿತ ಹಣ್ಣಿನ ಬೀಜವನ್ನು ಲೋಳೆಸಹಿತ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿಟ್ಟರೆ ಮೂರು ನಾಲ್ಕು ವರ್ಷ ಮೊಳೆಯುತ್ತದೆ. ತೆಪ್ಪಕಾಡಿನಲ್ಲಿ ಕೋತಿ, ಕಾಡುಹಂದಿಗಳ ಪಾಲು ಕಳೆದು ಉಳಿದದ್ದಷ್ಟೇ ನಮ್ಮದು, ಆನೆಗಂತೂ ಬೇಲಿ ಲೆಕ್ಕಕ್ಕಿಲ್ಲ. ಆದರೂ ಬೀಜಕ್ಕೆ ನಾಲ್ಕು ಹಣ್ಣು ಸಾಕು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಪ್ರಕರಣ ಬೀಜ ಉಳಿಸುವ, ಬಿತ್ತುವ, ಹಂಚುವ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಬಳಸದವರಿಗೆ ಹಕ್ಕಿದ್ದು ಏನು ಫಲ?

ಸಂಘದ ಮುಂದೆ ನಮ್ಮ ಬೇಡಿಕೆ ಇಷ್ಟು. ಅತಿಥಿಗಳಿಗೆ ಹೊದಿಸುವ ಶಾಲು, ಯಾರ ಮನೆಯಲ್ಲೂ ಜಾಗವಿಲ್ಲದ ಸ್ಮರಣಿಕೆ, ಇವುಗಳ ವೆಚ್ಚದಲ್ಲಿ ಒಂದು ಪಾಲು ಉಳಿಸಿ, ಮುಂದಿನ ಸಮ್ಮೇಳನದ ಪುಸ್ತಕ ಮಳಿಗೆಯ ಪಕ್ಕದಲ್ಲಿ ಬೀಜದ ಮೇಜೊಂದನ್ನು ಇರಿಸಬೇಕು. ಇದ್ದವರು ತರಲಿ, ಇಲ್ಲದವರು ಒಯ್ಯಲಿ, ಒಯ್ದವರು ಮರುವರ್ಷ ಎರಡರಷ್ಟು ಮರಳಿಸಲಿ. ಪ್ರತಿ ಪೊಟ್ಟಣದ ಮೇಲೂ ಊರು, ಕೊಟ್ಟ ಮನೆ, ಬಿತ್ತಿದ ತಿಂಗಳು, ಹಣ್ಣಿನ ರುಚಿ ಕನ್ನಡದಲ್ಲೇ ಬರೆದಿರಲಿ.