ಒಮ್ಮೆ ದಕ್ಕಿದ ಸುಳ್ಳು

ಮುಲುಂಡ್‌ನಲ್ಲಿ ದಾದರ್ ಕಡೆಯ ಲೋಕಲ್ ಹತ್ತಿದರೆ ಮೊದಲು ನಾಹುರ್, ಆಮೇಲೆ ಭಾಂಡುಪ್. ಅಲ್ಲಿನ ಡ್ರೀಮ್ಸ್ ಮಾಲ್‌ನಲ್ಲಿ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ, ಅಂದರೆ ಪಿಎಂಸಿ ಬ್ಯಾಂಕಿನ ಪ್ರಧಾನ ಕಚೇರಿ ಇತ್ತು. ಆ ಮಾಲ್ ಕಟ್ಟಿದ್ದು ಎಚ್‌ಡಿಐಎಲ್ ಎಂಬ ಬಿಲ್ಡರ್ ಕಂಪನಿ. ಬ್ಯಾಂಕ್ ಕೊಟ್ಟ ಒಟ್ಟು ಸಾಲದಲ್ಲಿ ಶೇ 70ಕ್ಕೂ ಹೆಚ್ಚು, ಸುಮಾರು 6,500 ಕೋಟಿ ರೂಪಾಯಿ, ಹೋದದ್ದೂ ಅದೇ ಕಂಪನಿಯ ಸಮೂಹಕ್ಕೆ. ಸಾಲಗಾರನ ಜಗುಲಿಯಲ್ಲೇ ಸಾಹುಕಾರ ಪೆಟ್ಟಿಗೆ ಇಟ್ಟುಕೊಂಡು ಕೂತಂತೆ.

2019ರ ಸೆಪ್ಟೆಂಬರ್ 24ರ ಬೆಳಿಗ್ಗೆ ಈ ಭಾಗದ ಪಿಎಂಸಿ ಶಾಖೆಗಳ ಮುಂದೆ ಜನ ಕೂಗಾಡುತ್ತಿದ್ದರು. ಆರು ತಿಂಗಳಲ್ಲಿ ಒಂದು ಖಾತೆಯಿಂದ ಒಂದು ಸಾವಿರ ರೂಪಾಯಿ ಮಾತ್ರ ತೆಗೆಯಬಹುದು ಎಂದು ಆರ್‌ಬಿಐ ನಿರ್ಬಂಧ ಹೇರಿತ್ತು. ನಮ್ಮ ಬಿಲ್ಡಿಂಗಿನಲ್ಲಿ ಕಾರ್ಕಳದ ಒಬ್ಬರು ಹಿರಿಯರಿದ್ದಾರೆ. ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದು, ಪಾಲು ಮಾರಿ ಬಂದ ಹಣವನ್ನು ಅಲ್ಲಿಟ್ಟಿದ್ದರು. 2022ರ ಜನವರಿಯಲ್ಲಿ ಪಿಎಂಸಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾದಾಗ ಐದು ಲಕ್ಷದವರೆಗಿನ ಠೇವಣಿಗೆ ವಿಮೆಯ ರಕ್ಷೆ ಸಿಕ್ಕಿತು. ಅದಕ್ಕೂ ಹೆಚ್ಚು ಇಟ್ಟವರಿಗೆ ಉಳಿದದ್ದು ಕಂತುಕಂತಾಗಿ, ಹತ್ತು ವರ್ಷದವರೆಗೆ. ‘2032ಕ್ಕೆ ನನಗೆ ಎಂಬತ್ತಮೂರು, ಮಾರಾಯ್ರೆ. ಆಗ ಕಡಲೆ ಕೊಟ್ರೆ ಜಗಿಯಲಿಕ್ಕೆ ಹಲ್ಲು ಬೇಡವಾ?’ ಎಂದು ಲಿಫ್ಟಿನಲ್ಲಿ ಒಮ್ಮೆ ಕೇಳಿದ್ದರು. ನಾನು ಲೆಕ್ಕಪತ್ರದ ಮನುಷ್ಯ ಎಂಬುದು ಅವರಿಗೆ ಗೊತ್ತಿತ್ತು. ನನ್ನ ಬಳಿ ಉತ್ತರವಿರಲಿಲ್ಲ.

ಹಳೆಯ ಕಥೆ ಈಗೇಕೆ ಎಂದರೆ, ಹೆಸರು ಬದಲಾಗುತ್ತದೆಯೇ ಹೊರತು ಕಥೆ ಮುಗಿಯುವುದಿಲ್ಲ. 2025ರ ಫೆಬ್ರುವರಿಯಲ್ಲಿ ಇದೇ ಮುಂಬಯಿಯ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ತಿಜೋರಿಯಲ್ಲಿ 122 ಕೋಟಿ ಕಾಣೆಯಾಗಿತ್ತು. ಏಪ್ರಿಲ್‌ನಲ್ಲಿ ಜೆನ್ಸಾಲ್ ಎಂಜಿನಿಯರಿಂಗ್ ವಿರುದ್ಧ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಆ ವಾರವೇ ಬೆಂಗಳೂರು, ದೆಹಲಿಗಳಲ್ಲಿ ಓಡುತ್ತಿದ್ದ ಬ್ಲೂಸ್ಮಾರ್ಟ್ ಟ್ಯಾಕ್ಸಿಗಳು ನಿಂತವು. ಪ್ರತಿ ಬಾರಿಯೂ ಟಿ.ವಿ.ಯಲ್ಲಿ ಕೇಳುವ ತೀರ್ಪು ಒಂದೇ: ದುರಾಸೆ. ದುರಾಸೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಸುಳ್ಳು ಮೊದಲ ಸಲ ಹೊಕ್ಕುವಾಗ ಅದರ ಮುಖದಲ್ಲಿ ದುರಾಸೆ ಕಾಣುವುದಿಲ್ಲ. ಹೆಚ್ಚಾಗಿ ಭಯ ಕಾಣುತ್ತದೆ. ಕೆಲವೊಮ್ಮೆ ಕೃತಜ್ಞತೆ.

ಪಿಎಂಸಿಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಜಾಯ್ ಥಾಮಸ್ ಆರ್‌ಬಿಐಗೆ ಬರೆದ ಪತ್ರ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಾನು ಅದನ್ನು ಎರಡು ಮೂರು ಸಲ ಓದಿದ್ದೇನೆ. 1984ರಲ್ಲಿ ಶುರುವಾದ ಸಣ್ಣ ಬ್ಯಾಂಕು ಆರಂಭದ ದಿನಗಳಲ್ಲೇ ಕುಂಟುತ್ತಿದ್ದಾಗ ಬಂಡವಾಳ ಹಾಕಿ ಎತ್ತಿ ನಿಲ್ಲಿಸಿದ್ದು ಎಚ್‌ಡಿಐಎಲ್‌ನ ವಾಧವಾನ್ ಕುಟುಂಬ. 2004ರಲ್ಲಿ ಗಾಳಿಸುದ್ದಿ ಹಬ್ಬಿ ಜನ ಹಣ ತೆಗೆಯಲು ಮುಗಿಬಿದ್ದಾಗ 100 ಕೋಟಿ ತಂದಿಟ್ಟು ಕಾಪಾಡಿದ್ದೂ ಅವರೇ. ಹಾಗೆಂದು ಪತ್ರ ಹೇಳುತ್ತದೆ. ಮುಂದೆ ಆ ಸಮೂಹದ ಕಂತುಗಳು ತಡವಾಗತೊಡಗಿದವು. ವಸೂಲಾಗದ ಸಾಲ ಎಂದು ಬರೆದರೆ ಬ್ಯಾಂಕಿನ ಲಾಭ ಕರಗುತ್ತದೆ, ಹೆಸರು ಹೋಗುತ್ತದೆ, ಆರ್‌ಬಿಐ ಬಾಗಿಲು ಬಡಿಯುತ್ತದೆ. ಹಾಗಾಗಿ ಬರೆಯಲಿಲ್ಲ. ‘ತಡವಾದರೂ ಕೊಡುತ್ತಾರೆ’ ಎಂಬ ನಂಬಿಕೆಗೆ ಆಧಾರವೂ ಇತ್ತು. ಹಿಂದೆ ಹಲವು ಸಲ ಕೊಟ್ಟಿದ್ದರು.

ನನಗೆ ಮುಖ್ಯವೆನಿಸಿದ್ದು ಇದೇ. ಮುಚ್ಚಿಟ್ಟದ್ದು ಮೊದಲ ವರ್ಷವೇ ಸಿಕ್ಕಿಬಿದ್ದಿದ್ದರೆ ಒಂದು ದಂಡ, ಒಂದಿಬ್ಬರ ಕೆಲಸ ಹೋಗಿ ಮುಗಿಯುತ್ತಿತ್ತು. ಅದು ದಕ್ಕಿತು. ದಕ್ಕಿದ್ದರಿಂದ ಅಭ್ಯಾಸವಾಯಿತು. ಕೊನೆಗೆ ಆ ಸಮೂಹದ 44 ಸಾಲ ಖಾತೆಗಳನ್ನು ಮರೆಮಾಡಲು 21 ಸಾವಿರಕ್ಕೂ ಹೆಚ್ಚು ಸುಳ್ಳು ಖಾತೆಗಳು ಬೇಕಾದವು. ತಪಾಸಣೆಗೆ ಬಂದವರು ದೊಡ್ಡ ಸಾಲಗಳನ್ನು ನೋಡುತ್ತಾರೆ, ಠೇವಣಿಯ ಮೇಲಿನ ಸಣ್ಣ ಸಣ್ಣ ಸಾಲಗಳನ್ನು ಕೆದಕುವುದಿಲ್ಲ ಎಂಬುದು ಗೊತ್ತಿದ್ದ ಕೈ ಮಾಡಿದ ಕೆಲಸ ಅದು.

ಇದೆಲ್ಲ ಹಳೇ ಕಾಲದ ಸಹಕಾರಿ ಬ್ಯಾಂಕುಗಳ ಕಥೆ, ನಮ್ಮ ನವೋದ್ಯಮಗಳು ಬೇರೆ ಎನ್ನುವವರಿದ್ದಾರೆ. ಪಿಎಂಸಿಯನ್ನು ಒಳಗೆ ತೆಗೆದುಕೊಂಡ ಯೂನಿಟಿ ಬ್ಯಾಂಕಿನ ಇಬ್ಬರು ಪಾಲುದಾರರಲ್ಲಿ ಒಂದು ಭಾರತ್‌ಪೇ. ವಿಲೀನವಾಗಿ ಐದಾರು ವಾರಕ್ಕೆ ಅದರ ಸಹಸಂಸ್ಥಾಪಕರು ಹಣದ ದುರ್ಬಳಕೆಯ ಆರೋಪದ ನಡುವೆ ರಾಜೀನಾಮೆ ಕೊಟ್ಟರು. ಆರೋಪವನ್ನು ಅವರು ಅಲ್ಲಗಳೆದಿದ್ದಾರೆ. ಅದು ಇಲ್ಲಿ ವಿಷಯವಲ್ಲ. ಹಳೆಯ ಬ್ಯಾಂಕಿಗೂ ಹೊಸ ಆ್ಯಪ್‌ಗೂ ನಡುವಿನ ಗೋಡೆ ಎಷ್ಟು ತೆಳು ಎಂದು ಹೇಳಿದೆ ಅಷ್ಟೆ.

ಜೆನ್ಸಾಲ್ ಪ್ರಕರಣದ ಲೆಕ್ಕವನ್ನು ನೋಡಿ. ಸೆಬಿ ಆದೇಶದ ಪ್ರಕಾರ, ಸರ್ಕಾರಿ ಸ್ವಾಮ್ಯದ ಎರಡು ಹಣಕಾಸು ಸಂಸ್ಥೆಗಳಿಂದ 6,400 ವಿದ್ಯುತ್ ಕಾರು ಕೊಳ್ಳಲು ಪಡೆದದ್ದು 663.89 ಕೋಟಿ. ಕೊಂಡದ್ದು 4,704 ಕಾರು, 567.73 ಕೋಟಿಗೆ. ಕಂಪನಿ ತಾನೇ ಹಾಕಬೇಕಿದ್ದ ಪಾಲನ್ನೂ ಸೇರಿಸಿದರೆ ಲೆಕ್ಕ ಸಿಗದ ಮೊತ್ತ 262 ಕೋಟಿ. ಗುರುಗ್ರಾಮದ ಐಷಾರಾಮಿ ಫ್ಲ್ಯಾಟ್, 26 ಲಕ್ಷದ ಗಾಲ್ಫ್ ಸಾಮಗ್ರಿ ಎಲ್ಲರ ಬಾಯಲ್ಲೂ ಇತ್ತು. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ‘ಸಾಲದ ಕಂತು ಸರಿಯಾಗಿ ಕಟ್ಟುತ್ತಿದ್ದಾರೆ’ ಎಂದು ಸಾಲ ಕೊಟ್ಟ ಸಂಸ್ಥೆಗಳು ಬರೆದವೆನ್ನಲಾದ ಪತ್ರಗಳನ್ನು ಕಂಪನಿ ರೇಟಿಂಗ್ ಏಜೆನ್ಸಿಗಳಿಗೆ ಕೊಟ್ಟಿತ್ತು. ಅಂಥ ಪತ್ರ ನಾವು ಕೊಟ್ಟೇ ಇಲ್ಲ ಎಂದು ಆ ಸಂಸ್ಥೆಗಳು ಹೇಳಿದವು. ಆರೋಪ ನಿಜವಾದರೆ, ಆ ಪತ್ರವನ್ನು ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ಟೈಪ್ ಮಾಡಿರಬೇಕು. ಗಾಲ್ಫ್ ಆಡುವವರು ಟೈಪ್ ಮಾಡುವುದಿಲ್ಲ.

ಎಲ್ಲ ಕಡೆಯೂ ಗೆರೆ ಇಷ್ಟು ಸ್ಪಷ್ಟ ಇರುವುದಿಲ್ಲ. ಬೆಂಗಳೂರಿನ ಬೈಜೂಸ್ ತನ್ನ 2020–21ರ ಲೆಕ್ಕಪತ್ರ ಕೊಟ್ಟದ್ದು ಸುಮಾರು ಒಂದೂವರೆ ವರ್ಷ ತಡವಾಗಿ. ನಷ್ಟ 4,500 ಕೋಟಿಗೂ ಹೆಚ್ಚು. ಜಗಳ ಇದ್ದದ್ದು ಮುಖ್ಯವಾಗಿ ಆದಾಯವನ್ನು ಯಾವ ವರ್ಷಕ್ಕೆ ಬರೆಯಬೇಕು ಎಂಬುದರಲ್ಲಿ. ಹಲವು ವರ್ಷದ ಕೋರ್ಸಿಗೆ ಇಂದು ಶುಲ್ಕ ಬಂದರೆ ಅದೆಲ್ಲ ಇಂದಿನ ಆದಾಯವೇ, ಪಾಠ ಮಾಡಿದಂತೆ ಹಂಚಿ ಬರೆಯಬೇಕೇ? ಹಂಚಿ ಬರೆದಾಗ ದೊಡ್ಡ ಪಾಲು ಮುಂದಿನ ವರ್ಷಗಳಿಗೆ ಹೋಯಿತು. ಇದನ್ನು ಸುಳ್ಳು ಎಂದು ಕರೆಯಲಾರೆ. ಆದರೆ ಹೂಡಿಕೆದಾರರು ಪ್ರತಿ ಮೂರು ತಿಂಗಳಿಗೆ ‘ಬೆಳವಣಿಗೆ ಎಷ್ಟು?’ ಎಂದು ಕೇಳುವಾಗ ಇಂಥ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಲು ಎದೆಗಾರಿಕೆ ಬೇಕು.

ನನ್ನಲ್ಲಿ ಅದು ಇರಲಿಲ್ಲ. 2022ರ ಮಾರ್ಚ್ ಕೊನೆಯ ವಾರ, ಪವಯಿಯ ಒಂದು ಸಣ್ಣ ಕಂಪನಿಯ ಹಣಕಾಸು ವಿಭಾಗದಲ್ಲಿದ್ದೆ. ಒಬ್ಬ ಗ್ರಾಹಕರು ‘ಕೊಳ್ಳುವ ಇಚ್ಛೆ ಇದೆ’ ಎಂದು ಪತ್ರ ಕೊಟ್ಟಿದ್ದರು, ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಹೂಡಿಕೆದಾರರಿಗೆ ಹೋಗುವ ಪಟ್ಟಿಯಲ್ಲಿ ಅದನ್ನು ‘ಆದ ಒಪ್ಪಂದ’ ಎಂದು ತೋರಿಸುವಂತೆ ಹೇಳಿದರು. ಹಣ ಬರದಿದ್ದರೆ ಮೇ ತಿಂಗಳ ಸಂಬಳಕ್ಕೆ ಕಷ್ಟ, ಅರವತ್ತು ಮಂದಿಯ ಮನೆ ಎಂದರು. ಅದೂ ನಿಜವೇ. ಬರೆದೆ. ಹಣ ಬಂತು. ಆ ಗ್ರಾಹಕರೂ ಮೇ ತಿಂಗಳಲ್ಲಿ ಸಹಿ ಹಾಕಿದರು. ಯಾರಿಗೂ ನಷ್ಟವಾಗಲಿಲ್ಲ. ಪಾರ್ಟಿ ಕೂಡ ಆಯಿತು.

ಮರುವರ್ಷ ಅಂಥವು ಏಳು ಇದ್ದವು. ಈ ಸಲ ಕೇಳಿದವರ ದನಿಯಲ್ಲಿ ಸಂಕೋಚ ಇರಲಿಲ್ಲ. ಕಳೆದ ಸಲ ಮಾಡಿದ್ದೀರಲ್ಲ ಎಂಬ ಧೈರ್ಯ ಇತ್ತು. ನಾನು ಕೆಲಸ ಬಿಟ್ಟೆ. ರಾಜೀನಾಮೆ ಪತ್ರದಲ್ಲಿ ಬರೆದದ್ದು ‘ವೈಯಕ್ತಿಕ ಕಾರಣ’. ಮುಲುಂಡ್‌ನ ಫ್ಲ್ಯಾಟಿನ ಇಎಂಐ ಇತ್ತು, ಮುಂದಿನ ಕಂಪನಿಯವರು ಹಿಂದಿನವರಿಗೆ ಫೋನ್ ಮಾಡಿ ವಿಚಾರಿಸುತ್ತಾರೆಂಬ ಅಳುಕೂ ಇತ್ತು. ಆ ಏಳು ಸಾಲುಗಳನ್ನು ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಬ್ಬಳ್ಳಿಯ ಹುಡುಗಿ ಬರೆದಳು.

ಪಿಎಂಸಿಯ ಗುಟ್ಟು ಆರ್‌ಬಿಐಗೆ ತಲುಪಿದ್ದು ಸಾಲ ವಿಭಾಗದ ಕೆಲವು ಮಹಿಳಾ ಉದ್ಯೋಗಿಗಳಿಂದ ಎಂದು ಆಗ ವರದಿಯಾಗಿತ್ತು. ಕಾನೂನಿನ ಆಸರೆ ನೋಡಿದರೆ ಅವರ ಧೈರ್ಯ ಇನ್ನೂ ದೊಡ್ಡದಾಗಿ ಕಾಣುತ್ತದೆ. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ, ನೌಕರರು ಅಕ್ರಮದ ಬಗ್ಗೆ ದೂರು ಕೊಡಲು ಒಳಗೇ ಒಂದು ವ್ಯವಸ್ಥೆ ಇರಬೇಕು. ಆದರೆ ಅದು ಕಡ್ಡಾಯ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ, ಸಾರ್ವಜನಿಕರಿಂದ ಠೇವಣಿ ಪಡೆಯುವವರಿಗೆ, ಬ್ಯಾಂಕುಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಪಡೆದವರಿಗೆ. ನವೋದ್ಯಮ ಬದುಕುವುದು ಹೂಡಿಕೆದಾರರ ಹಣದಲ್ಲಿ. ನೂರಾರು ಕೋಟಿ ಬಂದರೂ ಅದು ಸಾಲವಲ್ಲ, ಹಾಗಾಗಿ ದೂರಿನ ಬಾಗಿಲು ತೆರೆಯಲೇಬೇಕೆಂದಿಲ್ಲ. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಬಂದ ಕಾಯ್ದೆ ಸರ್ಕಾರಿ ನೌಕರರ ಭ್ರಷ್ಟಾಚಾರಕ್ಕೆ ಸೀಮಿತ. ಅದೂ ಹತ್ತು ವರ್ಷ ಕಳೆದರೂ ಜಾರಿಗೆ ಬರಲಿಲ್ಲ. ಹೂಡಿಕೆಯ ಮೊತ್ತವನ್ನೂ ಲೆಕ್ಕಕ್ಕೆ ಹಿಡಿದು 177ನೇ ಸೆಕ್ಷನ್ ವಿಸ್ತರಿಸಲು ದೊಡ್ಡ ಕಷ್ಟವೇನಿಲ್ಲ. ಹೂಡಿಕೆದಾರರೇ ಒಪ್ಪಂದದಲ್ಲಿ ಇದನ್ನೊಂದು ಷರತ್ತಾಗಿ ಸೇರಿಸಬಹುದು, ಹಣ ಕಳೆದುಕೊಂಡು ಆಮೇಲೆ ಫೊರೆನ್ಸಿಕ್ ಆಡಿಟ್ ಮಾಡಿಸುವುದಕ್ಕಿಂತ ಅಗ್ಗ.

ಊರು ಬಿಟ್ಟು ಬಂದ ನಮ್ಮಲ್ಲಿ ಕೋಲಾರದ ಷಣ್ಮುಗಂ ಮಂಜುನಾಥ್ ಅವರಂಥವರೂ ಇದ್ದರು. ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂ, ಇಂಡಿಯನ್ ಆಯಿಲ್‌ನಲ್ಲಿ ಕೆಲಸ. ಕಲಬೆರಕೆಯ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಗುಂಡಿಗೆ ಬಲಿಯಾದರು. ವಯಸ್ಸು 27. ಕಚೇರಿಯಲ್ಲಿ ಕೂತ ಎಲ್ಲರೂ ಮಂಜುನಾಥ್ ಆಗಲಿ ಎಂದು ಕೇಳುವ ಹಕ್ಕು ನನಗಿಲ್ಲ. ನಾನು ‘ವೈಯಕ್ತಿಕ ಕಾರಣ’ ಎಂದು ಬರೆದವನು.

ಕಳೆದ ತಿಂಗಳು ಆ ಹುಬ್ಬಳ್ಳಿಯ ಹುಡುಗಿಯ ಫೋನ್ ಬಂತು. ಈಗ ಅವಳೇ ಆ ವಿಭಾಗ ನೋಡಿಕೊಳ್ಳುತ್ತಾಳೆ. ‘ಸರ್, ಇವ್ರು ಮೇಲ್ ಮಾಡಂಗಿಲ್ರೀ, ಎಲ್ಲಾ ಬಾಯಾಗ ಹೇಳ್ತಾರ. ನಾ ಏನ್ ಮಾಡ್ಲಿ?’ ಎಂದಳು.

‘ನೀನೇ ಮೇಲ್ ಮಾಡು. ಇವತ್ತು ಇಂತಿಷ್ಟು ಗಂಟೆಗೆ ನೀವು ಹೀಗೆ ಹೇಳಿದಿರಿ, ಸಹಿಯಾದ ಒಪ್ಪಂದ ನನ್ನ ಕೈಗೆ ಬಂದಿಲ್ಲ, ಬಂದ ಮೇಲೆ ಸೇರಿಸುತ್ತೇನೆ ಅಂತ ಬರಿ. ಬೇರೆ ಮಾತು ಬೇಡ’ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬರದ್ರ ಕೆಲಸ ಹೋಗ್ತದಲ್ರೀ ಸರ್?’

ಹೋಗಬಹುದು ಎಂದೆ.