ಎರಡು ಸರಿ ಸೇರಿ ಒಂದು ತಪ್ಪು!

ಹಬ್ಬದ ದಿನ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಅತ್ತೆ ಅಳತೆಯಾಗಿ ಉಪ್ಪು ಹಾಕಿ ದೇವರ ಕೋಣೆಗೆ ಹೋದರು. ಉಪ್ಪು ಬಿದ್ದಿಲ್ಲವೆಂದು ತಿಳಿದ ಸೊಸೆ ತಾನೂ ಅಷ್ಟೇ ಉಪ್ಪು ಹಾಕಿದಳು. ಇಬ್ಬರ ಅಳತೆಯೂ ಸರಿ. ಆದರೆ ಎಲೆಯ ಮುಂದೆ ಕುಳಿತವರ ಗತಿ? ಕೆಲಸ ಹಂಚಿಕೊಂಡಲ್ಲೆಲ್ಲ ಈ ಫಜೀತಿ ಇದ್ದದ್ದೇ. ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರಿಗಂತೂ ಇದು ದಿನನಿತ್ಯದ ತಲೆನೋವು. ಅದಕ್ಕೆ ಅವರು ಕಂಡುಕೊಂಡ ಮದ್ದು ವಿದ್ಯಾರ್ಥಿಗಳೂ ತಿಳಿಯತಕ್ಕದ್ದು.

ಲಿನಕ್ಸ್ ಎಂಬ ತಂತ್ರಾಂಶದ ತಿರುಳಿನಲ್ಲಿ ಮೂರು ಕೋಟಿಗೂ ಹೆಚ್ಚು ಸಾಲುಗಳಿವೆ. ಹಲವು ದೇಶಗಳ ಸಾವಿರಾರು ಜನ ಅದನ್ನು ತಿದ್ದುತ್ತಾರೆ. ಎಲ್ಲರೂ ಒಂದೇ ಪ್ರತಿಯ ಮೇಲೆ ಕೈಯಾಡಿಸಿದರೆ ಗೊಂದಲ ತಪ್ಪದು. ಆದ್ದರಿಂದ ಒಬ್ಬೊಬ್ಬರೂ ಮುಖ್ಯ ಪ್ರತಿಯ ನಕಲೊಂದನ್ನು ತೆಗೆದುಕೊಂಡು ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ಈ ನಕಲಿಗೆ ‘ಕವಲು’ ಎಂದು ಹೆಸರು. ಮರದ ಕೊಂಬೆ ಮರಳಿ ಕಾಂಡವನ್ನು ಸೇರುವುದಿಲ್ಲ. ತಂತ್ರಾಂಶದ ಕವಲು ಮಾತ್ರ ಸೇರಲೇಬೇಕು. ಹೀಗೆ ಸೇರಿಸುವುದೇ ವಿಲೀನ.

ವಿಲೀನವನ್ನು ಯಂತ್ರವೇ ಮಾಡಬಲ್ಲದೆ? ಬಹುಮಟ್ಟಿಗೆ ಮಾಡಬಲ್ಲದು. ಗೀತಾಳ ಪ್ರತಿಯಲ್ಲಿ ಒಂದು ಸಾಲು ಇದೆ, ಸಲೀಮನ ಪ್ರತಿಯಲ್ಲಿ ಅದು ಇಲ್ಲ ಎಂದಿಟ್ಟುಕೊಳ್ಳಿ. ಗೀತಾ ಅದನ್ನು ಹೊಸದಾಗಿ ಸೇರಿಸಿದಳೋ, ಇದ್ದುದನ್ನು ಸಲೀಂ ಅಳಿಸಿದನೋ? ಎರಡೇ ಪ್ರತಿ ನೋಡಿದರೆ ಹೇಳಲಾಗದು. ಇಬ್ಬರೂ ನಕಲು ತೆಗೆದ ಮೂಲಪ್ರತಿಯನ್ನೂ ಪಕ್ಕಕ್ಕಿಟ್ಟುಕೊಂಡರೆ ಉತ್ತರ ಥಟ್ಟನೆ ಸಿಗುತ್ತದೆ. ಮೂಲದಲ್ಲಿ ಆ ಸಾಲು ಇಲ್ಲವೆಂದರೆ ಗೀತಾ ಸೇರಿಸಿದ್ದು. ಇದ್ದರೆ ಸಲೀಂ ಅಳಿಸಿದ್ದು. ಮೂರು ಪ್ರತಿಗಳನ್ನು ಹೋಲಿಸುವ ಈ ವಿಧಾನ 1970ರ ದಶಕದಿಂದಲೂ ಬಳಕೆಯಲ್ಲಿದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರೂಪಿಸಿದ ‘ಗಿಟ್’ ಕೂಡ ಇದನ್ನೇ ಅನುಸರಿಸುತ್ತದೆ. ಇಬ್ಬರೂ ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದ್ದರೆ ಅದು ಕೈಚೆಲ್ಲುತ್ತದೆ. ಆ ಜಾಗದಲ್ಲಿ ಏಳೇಳು ಕೋನಚಿಹ್ನೆಗಳ ಗುರುತು ಹಾಕಿ, ‘ಇದನ್ನು ನೀವೇ ತೀರ್ಮಾನಿಸಿ’ ಎಂದು ಮನುಷ್ಯರಿಗೆ ಬಿಟ್ಟುಬಿಡುತ್ತದೆ.

ಯಂತ್ರ ತಕರಾರು ಮಾಡಿದರೆ ಒಳ್ಳೆಯದೇ, ಯಾರಾದರೂ ನೋಡುತ್ತಾರೆ. ಅಪಾಯವಿರುವುದು ಅದು ತಕರಾರು ಮಾಡದಿದ್ದಾಗ! ಅಂಕಪಟ್ಟಿ ತಯಾರಿಸುವ ತಂತ್ರಾಂಶವೊಂದನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ‘ಶೇಕಡಾ’ ಎಂಬ ಭಾಗ ವಿದ್ಯಾರ್ಥಿಯ ಅಂಕವನ್ನು 72 ಎಂಬ ರೂಪದಲ್ಲಿ ಕೊಡುತ್ತದೆ. ಗೀತಾ ಅದನ್ನು 0.72 ಎಂದು ದಶಮಾಂಶದಲ್ಲಿ ಕೊಡುವಂತೆ ಬದಲಿಸಿದಳು. ಅದನ್ನು ಬಳಸಿದ್ದ ಎಲ್ಲ ಕಡೆಯೂ ತಕ್ಕಂತೆ ತಿದ್ದಿದಳು. ಪರೀಕ್ಷಿಸಿದಳು, ಸರಿಯಿತ್ತು. ಅದೇ ಹೊತ್ತಿಗೆ ಸಲೀಂ ತನ್ನ ಕವಲಿನಲ್ಲಿ ಹೊಸ ನಿಯಮ ಸೇರಿಸಿದ: ‘ಶೇಕಡಾ 35ಕ್ಕಿಂತ ಕಡಿಮೆಯಾದರೆ ಅನುತ್ತೀರ್ಣ’. ಅವನೂ ಪರೀಕ್ಷಿಸಿದ, ಅದೂ ಸರಿಯಿತ್ತು. ಇಬ್ಬರೂ ತಿದ್ದಿದ ಸಾಲುಗಳು ಬೇರೆಬೇರೆ. ಯಂತ್ರ ಚಕಾರವೆತ್ತದೆ ಎರಡನ್ನೂ ಕೂಡಿಸಿತು. ಫಲಿತಾಂಶ? 0.72 ಎಂಬುದು 35ಕ್ಕಿಂತ ಕಡಿಮೆ! ನೂರಕ್ಕೆ ನೂರು ತೆಗೆದವರಿಗೆ ಸಿಗುವುದೂ 1 ಮಾತ್ರ. ಶಾಲೆಗೆ ಶಾಲೆಯೇ ಅನುತ್ತೀರ್ಣ!

ಯಂತ್ರ ಅಕ್ಷರಗಳನ್ನು ಹೋಲಿಸಿತೇ ಹೊರತು ಅರ್ಥವನ್ನಲ್ಲ. ಹಾಗಾಗಿ ಬಿಡಿಬಿಡಿಯಾಗಿ ಮಾಡಿದ ಪರೀಕ್ಷೆ ಸಾಲದು. ಕೂಡಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಎಲ್ಲರ ಕೆಲಸವನ್ನೂ ಆಗಿಂದಾಗಲೇ ಕೂಡಿಸಿ, ಪ್ರತಿ ಸಲವೂ ಯಂತ್ರದಿಂದಲೇ ಪರೀಕ್ಷೆ ಮಾಡಿಸುವ ಈ ಪದ್ಧತಿಗೆ ‘ನಿರಂತರ ಸಂಯೋಜನೆ’ ಎನ್ನಬಹುದು. ಕೆಂಟ್ ಬೆಕ್ 1999ರಲ್ಲಿ ಪ್ರಕಟಿಸಿದ ಪುಸ್ತಕದ ನಂತರ ಇದು ಹೆಚ್ಚು ಪ್ರಚಾರಕ್ಕೆ ಬಂತು.

ಆದರೆ ಪರೀಕ್ಷೆ ಯಾವಾಗ? ಮುಖ್ಯ ಪ್ರತಿಗೆ ಸೇರಿಸಿದ ನಂತರವೋ, ಮೊದಲೋ? ಮೊಜಿಲ್ಲಾ ಸಂಸ್ಥೆಯಲ್ಲಿ ‘ಟಿಂಡರ್‌ಬಾಕ್ಸ್’ ಎಂಬ ವ್ಯವಸ್ಥೆಯಿತ್ತು. ಅಲ್ಲಿ ಬದಲಾವಣೆ ಮೊದಲು ಸೇರುತ್ತಿತ್ತು, ಪರೀಕ್ಷೆ ಆಮೇಲೆ. ಎಲ್ಲ ಸರಿಯಿದ್ದರೆ ಹಸಿರು ಬಣ್ಣ, ಕೆಟ್ಟರೆ ಕೆಂಪು. ಕೆಂಪು ಕಂಡರೆ ಉಳಿದವರೂ ತಮ್ಮ ಕೆಲಸ ಸೇರಿಸದೆ ಕಾಯಬೇಕಾಗುತ್ತಿತ್ತು. ಒಬ್ಬರ ತಪ್ಪು, ಊರಿಗೆಲ್ಲ ಶಿಕ್ಷೆ!

ಅದೇ ಮೊಜಿಲ್ಲಾದಲ್ಲಿದ್ದ ಗ್ರೇಡನ್ ಹೋರ್, ತಾವು ಆರಂಭಿಸಿದ ‘ರಸ್ಟ್’ ಎಂಬ ಕಂಪ್ಯೂಟರ್ ಭಾಷೆಗಾಗಿ ಈ ಕ್ರಮವನ್ನು ತಿರುವುಮುರುವು ಮಾಡಿದರು. ಅವರು ‘ಬೋರ್ಸ್’ ಎಂಬ ಸ್ವಯಂಚಾಲಿತ ಸಹಾಯಕನನ್ನು ಕಾವಲಿಗೆ ನಿಲ್ಲಿಸಿದರು. ಮೊದಲು ಅನುಭವಿಯೊಬ್ಬರು ಬದಲಾವಣೆಯನ್ನು ಓದಿ ಒಪ್ಪಿಗೆ ಕೊಡಬೇಕು. ಆಮೇಲೆ ಬೋರ್ಸ್ ಅದನ್ನು ಮುಖ್ಯ ಪ್ರತಿಯ ನಕಲಿನಲ್ಲಿ ಕೂಡಿಸಿ, ಎಲ್ಲ ಪರೀಕ್ಷೆಗಳನ್ನೂ ನಡೆಸುತ್ತದೆ. ತೇರ್ಗಡೆಯಾದರೆ ಮಾತ್ರ ಆ ನಕಲೇ ಹೊಸ ಮುಖ್ಯ ಪ್ರತಿ. ಪರೀಕ್ಷೆ ನಡೆಯುವಾಗ ಬೇರೊಬ್ಬರು ನಡುವೆ ನುಗ್ಗಿದರೆ ಮತ್ತೆ ಹಳೆಯ ಕಥೆಯೇ. ಆದ್ದರಿಂದ ಎಲ್ಲರೂ ಸರದಿಯಲ್ಲಿ ನಿಲ್ಲಬೇಕು. ಈ ಉಪಾಯ ತಮ್ಮದಲ್ಲ, ಹಿಂದೆ ಸಿಗ್ನಸ್ ಕಂಪನಿಯಲ್ಲಿದ್ದಾಗ ಸಹೋದ್ಯೋಗಿ ಬೆನ್ ಎಲಿಸ್ಟನ್ ಅವರು ಮಾಡಿದ್ದನ್ನು ಕಂಡು ಕಲಿತದ್ದು ಎಂದು ಹೋರ್ 2014ರಲ್ಲಿ ಬರೆದರು. ಇದು ರಾಕೆಟ್ ವಿಜ್ಞಾನದಷ್ಟು ಕಠಿಣವೇನಲ್ಲ ಎಂಬುದು ಅವರ ಅಭಿಪ್ರಾಯ.

ಸರದಿ ಎಂದ ಮೇಲೆ ಕಾಯುವ ಕಷ್ಟವೂ ಉಂಟು. ಒಂದು ಪರೀಕ್ಷೆಗೆ ಒಂದು ಗಂಟೆಯಾದರೆ ದಿನಕ್ಕೆ 24 ಬದಲಾವಣೆ ಮಾತ್ರ ಒಳಗೆ ಹೋಗಬಹುದು. ಇಲ್ಲಿ ಗಣಿತ ನೆರವಿಗೆ ಬರುತ್ತದೆ. 16 ಬದಲಾವಣೆಗಳನ್ನು ಒಟ್ಟಿಗೆ ಕೂಡಿಸಿ ಒಂದೇ ಸಲ ಪರೀಕ್ಷಿಸಿ. ಗೆದ್ದರೆ 15 ಗಂಟೆ ಉಳಿತಾಯ. ಸೋತರೆ? ಅವುಗಳಲ್ಲಿ ಎಂಟನ್ನು ಮಾತ್ರ ಪರೀಕ್ಷಿಸಿ. ಅದು ಸೋತರೆ ದೋಷ ಆ ಎಂಟರಲ್ಲಿದೆ, ಗೆದ್ದರೆ ಉಳಿದ ಎಂಟರಲ್ಲಿ. ಹೀಗೆ ಎಂಟು, ನಾಲ್ಕು, ಎರಡು, ಒಂದು ಎಂದು ಅರ್ಧರ್ಧ ಮಾಡುತ್ತ ಹೋದರೆ, ದೋಷ ಒಂದೇ ಬದಲಾವಣೆಯಲ್ಲಿದ್ದಾಗ ಇನ್ನು ನಾಲ್ಕೇ ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತದೆ. 1024 ಬದಲಾವಣೆಗಳಿದ್ದರೂ ಹೀಗೆ ಹತ್ತು ಪರೀಕ್ಷೆ ಸಾಕು. 2ರ ಘಾತಗಳು ಪುಸ್ತಕದಲ್ಲಷ್ಟೇ ಇರುವುದಲ್ಲ, ನೋಡಿ!

ಹಾಗೆಂದು ಯಂತ್ರಕ್ಕೇ ಎಲ್ಲ ಒಪ್ಪಿಸಿ ನಿಶ್ಚಿಂತೆಯಿಂದಿರುವಂತಿಲ್ಲ. ಬರೆದಿಟ್ಟ ಪರೀಕ್ಷೆಗಳನ್ನಷ್ಟೇ ಅದು ನಡೆಸುತ್ತದೆ. ಉತ್ತೀರ್ಣ, ಅನುತ್ತೀರ್ಣ ಸರಿಯಾಗಿ ಬರುತ್ತಿದೆಯೇ ಎಂದು ನೋಡುವ ಪರೀಕ್ಷೆಯನ್ನು ಸಲೀಂ ಬರೆದಿಡದಿದ್ದರೆ, ಬೋರ್ಸ್ ಕೂಡ ಆ ಅಂಕಪಟ್ಟಿಗೆ ಹಸಿರು ನಿಶಾನೆ ತೋರಿಸುತ್ತಿತ್ತು. ಯಾವುದನ್ನು ಪರೀಕ್ಷಿಸಬೇಕೆಂದು ಯೋಚಿಸುವ ಹೊಣೆ ಮನುಷ್ಯರದೇ.

ವಿದ್ಯಾರ್ಥಿಗಳು ಇದನ್ನು ಕಂಪ್ಯೂಟರ್ ಇಲ್ಲದೆಯೂ ಮಾಡಿ ನೋಡಬಹುದು. ಹತ್ತು ಸಾಲಿನ ಪ್ರಬಂಧವೊಂದನ್ನು ಬರೆದು ಇಬ್ಬರು ಗೆಳೆಯರಿಗೆ ಒಂದೊಂದು ನಕಲು ಕೊಡಿ. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಎರಡೆರಡು ಸಾಲು ತಿದ್ದಲಿ. ಮೂರನೆಯವರು ಮೂಲವನ್ನು ಎದುರಿಗಿಟ್ಟುಕೊಂಡು ಅವನ್ನು ಕೂಡಿಸಲಿ. ಬಳಿಕ ಇಡೀ ಪ್ರಬಂಧವನ್ನು ಅಪ್ಪ ಅಥವಾ ಅಮ್ಮನ ಮುಂದೆ ಗಟ್ಟಿಯಾಗಿ ಓದಿ. ಸಾಲು ಸಾಲಾಗಿ ಸರಿಯಿದ್ದರೂ ಅರ್ಥ ಎಲ್ಲಿ ತಪ್ಪಿದೆಯೆಂದು ಮೊದಲು ಹಿಡಿಯುವವರು ಅವರೇ ಆಗಿದ್ದರೆ ಆಶ್ಚರ್ಯವಿಲ್ಲ.