ಗ್ಯಾರೇಜಿನ ಗುರು

‘ಓದದಿದ್ದರೆ ಗ್ಯಾರೇಜೇ ಗತಿ’ ಎಂದು ಬೈಯದ ಮೇಷ್ಟರುಂಟೆ? ನಾನೂ ಬೈದವಳೇ. ಹಾಗೆ ಬೈಸಿಕೊಂಡ ಹುಡುಗನೊಬ್ಬ ಈಗ ಮೈಸೂರಿನಲ್ಲಿ ಹಳೆಯ ಜಾವಾ, ಯೆಜ್ದಿಗಳ ರಿಪೇರಿಗೆ ಹೆಸರಾಗಿದ್ದಾನೆ. ಅವನ್ನು ತಯಾರಿಸುತ್ತಿದ್ದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಇನ್ನೂ ಓಡುತ್ತಿವೆಯೆಂದರೆ ಇಂಥವರ ಕೈಗುಣ.

ಆಯುಧಪೂಜೆಗೆ ಕರೆದಿದ್ದ. ಗೋಡೆಯ ಮೇಲೆ ತೀರಿಹೋದ ಉಸ್ತಾದರ ಪಟ, ಅದಕ್ಕೆ ಸೇವಂತಿಗೆ ಹಾರ.

‘ಮೊದಲು ಪ್ಲಗ್ ಬಿಚ್ಚಿ ನೋಡು ಅನ್ನೋರು ಮೇಡಂ. ಮಸಿ ಹಿಡಿದಿದ್ರೆ ಎಣ್ಣೆ ಜಾಸ್ತಿ, ಬೆಳ್ಳಗಾಗಿದ್ರೆ ಇಂಜಿನ್ ವಿಪರೀತ ಕಾಯ್ತಿದೆ. ನೋಡದೆ ಇಂಜಿನ್ ಬಿಚ್ಚೋಕೆ ಹೋದ್ರೆ ಸ್ಪ್ಯಾನರ್ ಕಿತ್ಕೊಳ್ಳೋರು. ಗಿರಾಕಿ ದುಡ್ಡಲ್ಲಿ ಪಾಠ ಕಲೀಬೇಡ ಅನ್ನೋರು.’

ಮಗುವಿನ ತೊಡಕು ಎಲ್ಲಿದೆಯೆಂದು ಮೊದಲು ತಿಳಿಯಬೇಕು ಎಂದು ನಾನೂ ಬಿ.ಎಡ್. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವಳು. ಈ ಹುಡುಗ ಲೆಕ್ಕದಲ್ಲಿ ಎಲ್ಲಿ ಎಡವುತ್ತಿದ್ದ ಎಂದು ಒಂದು ದಿನವಾದರೂ ನೋಡಿದ್ದೆನೆ? ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ನೋಟುಬುಕ್ಕು ಎಸೆದದ್ದು ಮಾತ್ರ ನೆನಪಿದೆ.

ಎಳೆಯ ಮಕ್ಕಳನ್ನು ಗ್ಯಾರೇಜಿಗೆ ಅಟ್ಟಿ ಎನ್ನುತ್ತಿಲ್ಲ; ಅದು ಅಪರಾಧ. ಆದರೆ ಸೆಪ್ಟೆಂಬರ್ 5ರಂದು ಶಾಲು ಹೊದೆಸಿಕೊಳ್ಳುವ ನಮಗೆ ಒಂದು ಕಸುಬನ್ನು ಬೈಗುಳ ಮಾಡುವ ಅಧಿಕಾರ ಕೊಟ್ಟವರಾರು? ನಮ್ಮ ಸ್ಕೂಟರ್ ಕೆಟ್ಟಾಗ ಓಡುವುದು ಅಲ್ಲಿಗೇ ತಾನೆ! ಸ್ಟಾಫ್ ರೂಮಿನಲ್ಲಿ ಇದನ್ನು ಎತ್ತಿದರೆ, ‘ನಿಮ್ಮ ಮಗನನ್ನು ಕಳಿಸ್ತೀರಾ?’ ಎಂದು ನಕ್ಕರು. ನನ್ನ ಬಾಯಿ ಕಟ್ಟಿತು.

ಹೊರಡುವಾಗ ಹುಡುಗ ಕಡ್ಲೆಪುರಿ ಕೊಟ್ಟು, ಉಸ್ತಾದರ ಪಟಕ್ಕೆ ಮುಗಿದಂತೆಯೇ ನನಗೂ ಕೈಮುಗಿದ. ನನಗೇಕೆ ಮುಗಿದನೋ!